ಬಿಲ್ಲೆಯ ಬೆನ್ನು

ಮೊದಲು ಒಣಬಟ್ಟೆ, ಎರ್ಮೆಲಿಂಡಾ.
ನೀರು ಆಮೇಲೆ.
ಧೂಳಿಗೆ ನೀರು ಹುಯ್ದರೆ ಕೆಸರು,
ಕೆಸರನ್ನು ತಿಕ್ಕಿದರೆ ಹೊಳಪಿನ ಮೇಲೆ ಗೀರು.

ಆ ವಿನೆಗರ್ ಬಾಟಲಿ ಕೆಳಗಿಡು.
ಯಾರು ಹೇಳಿಕೊಟ್ಟರು, ನಿನ್ನ ಅತ್ತೆಯೇ?
ಹುಳಿ ಬಿದ್ದರೆ ಸಂದಿನ ಸುಣ್ಣ
ಹಾಲು ಒಡೆದಂತೆ ಒಡೆಯುತ್ತದೆ.
ಉಗುರುಬೆಚ್ಚಗಿನ ನೀರು, ಒಂದು ಚಮಚ ಸೋಪು,
ಸಂದಿಗೆ ಹಳೆಯ ಹಲ್ಲಿನ ಬ್ರಷ್ಷು.
ಇದು ನನ್ನ ಗಂಡ ಅರ್ಲಿಂಡುವಿನದು.
ಹಲ್ಲೆಲ್ಲ ಉದುರಿದ ಮೇಲೆ ಅವನಿಗೇಕೆ?

ಓವಾರಿನಿಂದ ಸಮುದ್ರ ಮೂರು ಮೈಲಿ.
ಆದರೂ ಉಪ್ಪು ಗೋಡೆಯೊಳಗೇ ನಡೆದು ಬಂದು
ಬೆಳಗಾಗುವುದರೊಳಗೆ ಸಂದುಗಳಲ್ಲಿ
ಮುದುಕನ ಗಡ್ಡದಂತೆ ಮೊಳೆತಿರುತ್ತದೆ.
ಅದಕ್ಕೆ ನೀರು ತಾಗಿಸಬೇಡ.
ಒಣ ಬ್ರಷ್ಷಿನಲ್ಲಿ ಉದುರಿಸಿ ಗುಡಿಸಿಬಿಡು.
ಒದ್ದೆಯಾಯಿತೋ, ಮತ್ತೆ ಒಳಗೆ ಹೋಗಿ ಕೂರುತ್ತದೆ
ಊಟದ ಹೊತ್ತಿಗೇ ಬರುವ ನೆಂಟನ ಹಾಗೆ.

ನಾಲ್ಕು ಮಹಡಿ, ಎಪ್ಪತ್ತೆರಡು ಮೆಟ್ಟಿಲು,
ಎರಡೂ ಕಡೆ ಎದೆಯೆತ್ತರ ನೀಲಿ, ಹಳದಿ.
ಎಷ್ಟು ಬಿಲ್ಲೆ ಅಂತ ಎರಡು ಸಲ ಎಣಿಸಿದೆ,
ಎರಡು ಲೆಕ್ಕ ಬಂತು. ಬಿಟ್ಟೆ.
ಶನಿವಾರ ಗೆಣ್ಣಿನಿಂದ ತಟ್ಟುತ್ತ ಹತ್ತು.
ಟಕ್ ಅಂದರೆ ಗಟ್ಟಿ.
ಡೊಬ್ ಅಂದರೆ ಒಳಗೆ ಗಾರೆ ಕೈಬಿಟ್ಟಿದೆ,
ಅಲ್ಲಿ ಒತ್ತಬೇಡ, ಉಸಿರೂ ಬಿಡಬೇಡ.

ಹದಿಮೂರಕ್ಕೆ ಕಾರ್ಖಾನೆ ಸೇರಿದವಳು ನಾನು.
ಹೂ ಬರೆಯುವವರು ಕಿಟಕಿಯ ಬಳಿ, ಕುರ್ಚಿಯ ಮೇಲೆ.
ನಾವು ಗೂಡಿನ ಬಳಿ, ನಿಂತುಕೊಂಡು.
ಹೊಳಪಿನ ಹಾಲಲ್ಲಿ ಅದ್ದಿ ತೆಗೆದ ಬಿಲ್ಲೆಯ
ಬೆನ್ನು ಒರೆಸುವುದು ನಮ್ಮ ಕೆಲಸ.
ಹನಿ ಉಳಿದರೆ ಬೆಂಕಿಯಲ್ಲಿ ತಟ್ಟೆಗೆ ಕಚ್ಚಿಕೊಳ್ಳುತ್ತದೆ,
ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು.
ಎಡಗೈಯಲ್ಲಿ ಬಿಲ್ಲೆ, ಬಲಗೈಯಲ್ಲಿ ಸ್ಪಂಜು,
ದಿನಕ್ಕೆ ಸಾವಿರ ಬೆನ್ನು.
ಮುಖ ನೋಡಿದ್ದು ಈ ಮೆಟ್ಟಿಲಿಗೆ ಬಂದ ಮೇಲೆಯೇ.

ನಗಬೇಡ, ಕೇಳು.
ಮಾರ್ಚಿನಲ್ಲಿ ಗುರುತಿನ ಚೀಟಿಗೆ ಹೋಗಿದ್ದೆ.
ಗಾಜಿನ ಮೇಲೆ ಬೆರಳಿಡಿ ಅಂದ ಹುಡುಗ.
ಇಟ್ಟೆ. ಇನ್ನೊಮ್ಮೆ ಅಂದ. ಒರೆಸಿಕೊಂಡು ಇಟ್ಟೆ.
ಬೇರೆ ಬೆರಳು ಅಂದ. ಹತ್ತೂ ಮುಗಿಯಿತು.
‘ಅಜ್ಜಿ, ನಿಮ್ಮ ಬೆರಳಲ್ಲಿ ಗೆರೆಯೇ ಇಲ್ಲವಲ್ಲ.’
ಅಪ್ಪ ಹೆಬ್ಬೆಟ್ಟಿನ ಮನುಷ್ಯ, ಸಹಿ ಬಾರದವನು.
ನಾನು ಸಹಿ ಕಲಿತೆ,
ಹೆಬ್ಬೆಟ್ಟು ಎಲ್ಲಿ ಹೋಯಿತೋ.
ಗಾಜಿನ ಮೇಲೆ ಮಂಜಿನಂಥ ಕಲೆ ಉಳಿದಿತ್ತು.
ಅಭ್ಯಾಸಬಲ, ತೋಳಿನಲ್ಲಿ ಅದನ್ನೂ ಒರೆಸಿ ಬಂದೆ.

ಮೊನ್ನೆ ಮಂಗಳವಾರ, ಮೂರನೆಯ ಮಹಡಿಯಲ್ಲಿ,
ಡೊಬ್ ಅನ್ನುತ್ತಿದ್ದ ಒಂದು ಬಿಲ್ಲೆ
ಮುರಿಯದೆ, ಬಿರಿಯದೆ, ಕೈಗೇ ಬಂತು.
ತಿರುಗಿಸಿದೆ.
ಮೂಲೆಯಲ್ಲಿ ಹಾಲು ಮೆತ್ತಿದ ಹೆಬ್ಬೆಟ್ಟು,
ಸುಳಿಸುಳಿಯಾಗಿ, ನೆನ್ನೆ ಒತ್ತಿದಂತೆ,
ಗೂಡಿನಲ್ಲಿ ಬೆಂದು ಕಲ್ಲಾಗಿದೆ.
ಚಿಕ್ಕದು. ಮಗುವಿನದೆನ್ನಬೇಕು.

ನನ್ನದೋ, ಗೊತ್ತಿಲ್ಲ.
ಪಕ್ಕದಲ್ಲಿ ನಿಲ್ಲುತ್ತಿದ್ದ ಜುಲ್ಮೀರಾಳದೂ ಇರಬಹುದು.
ಅವಳು ಕೆಮ್ಮುತ್ತಿದ್ದಳು, ಹಾಡುತ್ತಿದ್ದಳು,
ಮದುವೆಗೆ ಮೊದಲೇ ಹೋದಳು.
ನನ್ನ ಬೆರಳನ್ನು ಅದರ ಮೇಲಿಟ್ಟು ನೋಡಿದೆ.
ಹೋಲಿಸಲು ಇಲ್ಲೇನೂ ಇಲ್ಲವಲ್ಲ,
ನುಣುಪು, ಬರೀ ನುಣುಪು.

ನಾಳೆ ಗಾರೆಯವನು ಬರುತ್ತಾನೆ.
ಬೆನ್ನು ನೆನೆಸಬೇಕು ಅನ್ನುತ್ತಾನೆ, ನೆನೆಸಲಿ.
ಕೆರೆಯಲು ಹೊರಟರೆ ಕೈ ಹಿಡಿ.
ಏಕೆ ಅಂತ ಕೇಳಿದರೆ
ಮುದುಕಿಗೆ ಹುಚ್ಚು ಅನ್ನು, ಸಾಕು.

ಈಗ ಬಕೆಟ್ಟಿನ ನೀರು ಬದಲಿಸು.
ಮೆಟ್ಟಿಲ ಮೇಲೆ ಚೆಲ್ಲೀಯೆ,
ಎರಡನೆಯ ಮಹಡಿಯ ಡೊನಾ ಅಲ್ಜೀರಾ
ಬಾಗಿಲ ಸಂದಿಯಲ್ಲೇ ಕಣ್ಣಿಟ್ಟು ಕೂತಿರುತ್ತಾಳೆ.