ಓ ಎನ್ನದವಳು

ಗೂರಿಯಾದ ಜನ ಮಾತಿನಲ್ಲಿ ಚುರುಕು.
ನೀವು ಪ್ರಶ್ನೆ ಮುಗಿಸುವಷ್ಟರಲ್ಲಿ
ಉತ್ತರ, ಉತ್ತರಕ್ಕೊಂದು ಕೊಂಕು, ಕೊಂಕಿಗೊಂದು ನಗು
ಮೂರೂ ಬಂದು ಹೋಗಿರುತ್ತವೆ.
ಅಂಥ ಸೀಮೆಯಲ್ಲಿ, ಒಝುರ್ಗೇತಿಯ ಹೇಝಲ್‌ನಟ್ ಮಂಡಿಯಲ್ಲಿ,
ಒಂದು ಲ್ಯಾಪ್‌ಟಾಪು
ಕೆಸರಿನಿಂದ ಎಮ್ಮೆ ಏಳುವ ಹಾಗೆ ಏಳುತ್ತಿತ್ತು.

"ಸೋಮವಾರದ ತನಕ ಚೆನ್ನಾಗೇ ಇತ್ತು, ಝೌರಿ,"
ಎಂದಳು ತ್ಸಿಯಾಲಾ, ಲೆಕ್ಕ ಬರೆಯುವವಳು.
"ಕುತೈಸಿಯಿಂದ ಹುಡುಗ ಬಂದ, ನೀಲಿ ವೈರು ಚುಚ್ಚಿದ,
ನೆಟ್‌ವರ್ಕ್ ಆಯ್ತು ಅಂದ, ಕಾಫಿ ಕುಡಿದ, ಹೋದ.
ಅವನ ಹಿಂದೆಯೇ ಇದರ ಜೀವವೂ ಬಸ್ಸು ಹತ್ತಿತು."

ಹೊರಗೆ ಆಗಸ್ಟ್. ಮೂಟೆಗಳ ಸಾಲು ಸೇತುವೆಯ ತನಕ.
ಪ್ರತಿ ಮೂಟೆಗೆ ತೂಕ, ತೇವ, ತಿರುಳಿನ ಪಾಲು.
ಮೂರು ಅಂಕೆ ಬರೆಯಲು ಮೂರು ನಿಮಿಷ.
ಸಾಲಿನಲ್ಲಿದ್ದ ಗೆರೊಂತಿ ಮುದುಕ ಕೂಗಿದ:
"ಬೇಗ ಬರಿಯಮ್ಮಾ, ಗಿಡಕ್ಕೆ ಮುಂದಿನ ವರ್ಷದ ಹೂ ಬಂತು!"

ನಾನು ಮಾಡಿದ್ದನ್ನೆಲ್ಲ ಹೇಳುತ್ತೇನೆ, ನಾಚಿಕೆ ಬಿಟ್ಟು.
ಫ್ಯಾನಿನ ಬಾಯಿಂದ ಬೆಕ್ಕಿನ ಕೂದಲು ತೆಗೆದೆ.
ಮೊಮ್ಮಗನ ದೀಕ್ಷಾಸ್ನಾನದ ಸಾವಿರ ಫೋಟೊ ಬೇರೆ ಕಡೆ ಇಟ್ಟೆ.
ವೈರಸ್ ಹುಡುಕಿಸಿದೆ. ಸಿಗಲಿಲ್ಲ. ಸಿಕ್ಕಿದ್ದರೆ
ಮುತ್ತಿಡುತ್ತಿದ್ದೆ, ಅಷ್ಟು ಸೋತಿದ್ದೆ.
ಆಫ್ ಮಾಡಿ ಆನ್ ಮಾಡಿದೆ, ಏಳು ಸಲ.
ಏಳನೆಯ ಸಲ ಶಿಲುಬೆಯ ಗುರುತು ಹಾಕಿಕೊಂಡು.

ಮುಂದಿನದು ನನ್ನ ಜಾಣತನವಲ್ಲ.
ಕಾಲು ಎಡವಿ ವೈರು ಕಿತ್ತುಬಂತು.
ಒಮ್ಮೆಗೇ ಪರದೆ ಚಿಗರೆಯಾಯಿತು;
ಕಡತದ ಹಿಂದೆ ಕಡತ, ನೆಗೆದು ನೆಗೆದು.
ವೈರು ಸಿಕ್ಕಿಸಿದೆ: ಎಮ್ಮೆ.
ಕಿತ್ತೆ: ಚಿಗರೆ.
ಸಿಕ್ಕಿಸಿದೆ.
ದೀಪದ ಸ್ವಿಚ್ಚಿನೊಡನೆ ಆಡುವ ಮಗುವನ್ನು
ನೋಡುವ ಹಾಗೆ ನೋಡಿದಳು ತ್ಸಿಯಾಲಾ.

ಹಾಗಾದರೆ ಇದು ಸುಸ್ತಲ್ಲ. ಕಾಯುತ್ತಿದೆ.
ಯಾರಿಗೆ?

ಡ್ರೈವುಗಳ ಪಟ್ಟಿಯ ತಳದಲ್ಲಿ, ಕೆಂಪು ಇಂಟು ಮಾರ್ಕು ಹೊತ್ತು,
ಝಡ್. ಅದರ ವಿಳಾಸ: ಲಾಮಾರಾ.
ಹಳೆಯ ಕಂಪ್ಯೂಟರಿಗೆ ತನ್ನ ಹೆಸರೇ ಇಟ್ಟಿದ್ದಳು,
ಹದಿನೆಂಟು ವರ್ಷ ಈ ಮೇಜಿಗೆ ಮೊಣಕೈ ಊರಿದವಳು.
ಕಂಪ್ಯೂಟರು ಗುಜರಿಗೆ ಹೋಗಿ ನಾಲ್ಕು ವರ್ಷ.
ಅವಳು ಥೆಸಲೊನೀಕಿಗೆ ಹೋಗಿ ಐದು;
ಅಲ್ಲಿ ಯಾರದೋ ತಾಯಿಗೆ ಸ್ನಾನ ಮಾಡಿಸುತ್ತಾಳೆ, ಸೂಪು ಕುಡಿಸುತ್ತಾಳೆ.
ಕುತೈಸಿಯ ಹುಡುಗ ಹಳೆಯ ಚೀಟಿ ನೋಡಿ
ಅವಳನ್ನೂ ಸೇರಿಸಿದ್ದ, ಯಾರನ್ನೂ ಬಿಡಬಾರದೆಂದು.

ಅಂದರೆ ಪ್ರತಿ ಕ್ಲಿಕ್ಕಿಗೂ ಈ ಯಂತ್ರ
ಬಾಗಿಲಿಗೆ ಬಂದು ಲಾಮಾರಾ ಎಂದು ಕರೆದು,
ಓ ಎಂದಾಳೇನೋ ಎಂದು ಮೂವತ್ತು ಸೆಕೆಂಡು ಕಿವಿಗೊಟ್ಟು,
ಸರಿ, ಇಲ್ಲವೇನೋ, ಎಂದು ಒಂದು ಅಂಕೆ ಬರೆದು,
ಮುಂದಿನ ಅಂಕೆಗೆ ಮತ್ತೆ ಲಾಮಾರಾ.
ಮನುಷ್ಯರಾದರೆ ವಾರದೊಳಗೆ ಮುನಿಸಿಕೊಳ್ಳುತ್ತಾರೆ.
ಇದಕ್ಕೆ ಅದನ್ನು ಯಾರೂ ಕಲಿಸಿಲ್ಲ.

ಬಲಗುಂಡಿ ಒತ್ತಿದೆ. ಸಂಪರ್ಕ ಕಡಿ, ಎಂಬ ಸಾಲು.
ತ್ಸಿಯಾಲಾ ನನ್ನ ಮಣಿಕಟ್ಟು ಹಿಡಿದಳು.
"ತಡಿ. ಅವಳನ್ನೊಂದು ಮಾತು ಕೇಳಬೇಡವೇ?"
ಯಂತ್ರದ ವಿಷಯಕ್ಕೆ ಯಾರಾದರೂ, ಎನ್ನುವಷ್ಟರಲ್ಲಿ
ಫೋನು ಕಿವಿಯಲ್ಲಿತ್ತು. ಒಂದೇ ರಿಂಗು.

"ಏನೇ, ತಿರುಳಿಗೆ ಈ ಸಲ ಎಷ್ಟು ರೇಟು?
ಗೆರೊಂತಿ ಮೂಟೆಯ ತಳಕ್ಕೆ ಒದ್ದೆ ಕಾಯಿ ಹಾಕುತ್ತಾನೆ, ಸುರಿದು ನೋಡು.
ಮೆಲ್ಲಗೆ ಮಾತಾಡು, ಅಜ್ಜಿ ಮಲಗಿದೆ.
ಯಾವ ಝಡ್? ಅಯ್ಯೋ, ಅಳಿಸು ಮಾರಾಯ್ತಿ,
ನಾನೇನು ಅದರೊಳಗೆ ಕೂತಿದ್ದೇನೆಯೇ?"

ಅಳಿಸಿದೆ.

ಸಾಲು ಕತ್ತಲಾಗುವ ಮೊದಲೇ ಕರಗಿತು.
ಗೆರೊಂತಿಯ ಮೂಟೆ ಸುರಿದು ನೋಡಿದೆವು. ತಳ ಒದ್ದೆ.
"ಯಾರು ಹೇಳಿದ್ದು?" ಎಂದ, ನಮ್ಮಿಬ್ಬರನ್ನೂ ಅಳೆಯುತ್ತ.
"ಇದು," ಎಂದು ತ್ಸಿಯಾಲಾ ಪರದೆಯ ಕಡೆ ಗಲ್ಲ ತೋರಿದಳು.

ಅಂದಿನಿಂದ ಅವನು ಮಂಡಿಯೊಳಗೆ ಬಂದರೆ
ಮೊದಲು ಲ್ಯಾಪ್‌ಟಾಪಿಗೆ ಟೋಪಿ ತೆಗೆಯುತ್ತಾನೆ,
ಆಮೇಲೆ ನಮಗೆ.