ಏಳನೇ ಪ್ರಶ್ನೆ, ಮೂರನೇ ಕರಡು

ಡಾಕ್ಟರ್ ಫುರ್ತಾದೊ ಕೊಟ್ಟದ್ದು ಹದಿನಾಲ್ಕು ಪ್ರಶ್ನೆ,
ಇಂಗ್ಲಿಷಿನಲ್ಲಿ ಇಸ್ತ್ರಿ ಮಾಡಿಟ್ಟ ಹಾಗಿದ್ದವು.
ನಾನು ಕನ್ನಡಕ್ಕೆ ತಂದೆ.
ಮಡಗಾಂವಿನ ಕಾಮತ ಮಾಸ್ತರರು, ಮೂಲ ನೋಡದೆ,
ಮರಳಿ ಇಂಗ್ಲಿಷಿಗೆ ಒಯ್ದರು.
'ವಿಶೇಷ ವ್ಯಕ್ತಿ' ಎಂದು ಹೋದವನು
ಮಂತ್ರಿಯಾಗಿ ತಿರುಗಿ ಬಂದ.

ಎರಡನೇ ಕರಡು ಹಿಡಿದು ಜುವಾರಿನಗರದ ಏರು ಹತ್ತಿದೆ.
ಹುಲಿಗೆವ್ವ. ಊರು ಹುನಗುಂದದ ಕಡೆ,
ಕೆಲಸ ವಾಸ್ಕೋದ ಜೆಟ್ಟಿಯಲ್ಲಿ ಮೀನಿನ ಬುಟ್ಟಿ ಹೊರುವುದು;
ಬರ್ಫದ ನೀರಿಳಿದೂ ಇಳಿದೂ
ಕತ್ತಿನ ಹಿಂದೆ ಬಿಳಿಚಿದ ಚರ್ಮ.

'ಕಷ್ಟದಲ್ಲಿ ನಿಮಗೆ ಆಸರೆ ಇದೆಯೇ?' ಓದಿದೆ,
ನನ್ನ ಕುಮಟೆಯ ಕನ್ನಡದಲ್ಲಿ, ಒತ್ತಿ ಒತ್ತಿ.
ದಾಬೋಲಿಯ ವಿಮಾನವೊಂದು ತಗಡಿನ ಮೇಲೇ ಹಾದು
ಅರ್ಧ ಮಾತು ಒಯ್ದಿತು.
ಆಕೆ ಎದ್ದು ಒಳಗೆ ಹೋದಳು.
ಸ್ಟೀಲಿನ ಲೋಟದ ತುಂಬ ನೀರು, ಅಂಗೈಯಲ್ಲಿ ಬೆಲ್ಲ.
'ಆಸರಾಗಿದ್ರ ಮೊದಲ ಹೇಳಬಾರದೇನ್ರಿ ಅಕ್ಕಾರ?
ಇಂಥಾ ಬಿಸಲಾಗ ಬಂದೀರಿ.'
ಆಸರು ಎಂದರೆ ಅವರಲ್ಲಿ ಬಾಯಾರಿಕೆ.
ಕುಡಿದೆ. ಇತ್ತು.

ಬೇರೆ ಮಾತಿನಲ್ಲಿ ಮತ್ತೆ ಕೇಳಿದೆ:
ದುಃಖ ಹೇಳಿಕೊಳ್ಳಲು ಯಾರಾದರೂ ಇದ್ದಾರೆಯೇ
ಯಾವಾಗಲೂ, ಹಲವು ಸಲ, ಆಗೀಗ, ಅಪರೂಪಕ್ಕೆ, ಇಲ್ಲವೇ ಇಲ್ಲ?
ಆಕೆ ಗೋಡೆಯನ್ನು ಗೆಣ್ಣಿನಿಂದ ಬಡಿದಳು.
ಟಣ್ ಅಂದಿತು.
'ಹೇಳೂದು ಯಾಕ್ರಿ? ತಗಡು.
ತಂಗಿ ತೀರಿಕೊಂಡದ್ದು ಫೋನಿನ್ಯಾಗ ಬಂತು,
ಹೋಗಾಕ ಆಗಲಿಲ್ಲ, ಯಾರಿಗೂ ಏನೂ ಅನ್ನಲಿಲ್ಲ ನಾ.
ರಾತ್ರಿ ಸೆರಗು ಬಾಯಾಗಿಟ್ಟುಕೊಂಡು ಅತ್ತೆ.
ಮುಂಜಾನೆದ್ದು ನೋಡಿದ್ರ ಬಾಗಲದಾಗ
ಎರಡು ರೊಟ್ಟಿ, ಪುಂಡಿಪಲ್ಯ, ಮ್ಯಾಲೊಂದು ತಾಟು ಮುಚ್ಚಿತ್ತು.
ಬಾಜೂದಾಕಿ, ಕಾಶಿಂಬಿ.
ಇವತ್ತಿನ ತನಕ ಆಕಿ ಕೇಳಿಲ್ಲ, ನಾ ಹೇಳಿಲ್ಲ.
ತಾಟು ತೊಳದು ಕೊಟ್ಟು ಬಂದೆ, ಅಷ್ಟ.'

ಯಾವ ಚೌಕಕ್ಕೆ ಟಿಕ್ಕು ಹಾಕಲಿ?
'ಇಲ್ಲವೇ ಇಲ್ಲ' ಎಂದರೆ ಸುಳ್ಳಲ್ಲ.
'ಯಾವಾಗಲೂ' ಎಂದರೂ.
ಆಕೆಯೇ ಪೆನ್ನು ಇಸಿದುಕೊಂಡು
ಎರಡು ಚೌಕದ ನಡುವೆ, ಗೆರೆಯ ಮೇಲೆ,
ದುಂಡಗೆ ಏನೋ ಬರೆದಳು:
ರೊಟ್ಟಿಯೋ ತಾಟೋ ಸೊನ್ನೆಯೋ.

ಬಾಂಬೋಳಿಯಲ್ಲಿ ಡಾಕ್ಟರು ಕನ್ನಡಕ ಏರಿಸಿ ಕೇಳಿದರು:
ಏಳಕ್ಕೆ ಏನಾಯಿತು?
ತಗಡು, ಎಂದೆ.
ಇಂಗ್ಲಿಷಿನಲ್ಲಿ ಹೇಳಿ, ಎಂದರು.

ರಾತ್ರಿ ಬಾಡಿಗೆಯ ಕೋಣೆಯಲ್ಲಿ ಏಳನೆಯದನ್ನು
ಪೆನ್ಸಿಲ್ಲಿನಲ್ಲಿ ಬರೆದು ಅಳಿಸುತ್ತಿದ್ದೇನೆ.
ಮೂರು ವರ್ಷವಾಯಿತು ಇಲ್ಲಿ; ಆಚೆ ಯಾರಿದ್ದಾರೋ.
ಸಿಮೆಂಟಿನ ಗೋಡೆ.
ಒಮ್ಮೆ ಬಡಿದು ನೋಡಿದೆ.
ಗೆಣ್ಣು ನೋಯಿತು.