ಹೊನ್ನೂರಮ್ಮ ಯಾರ ಲೆಕ್ಕಕ್ಕೆ

ತೋರಣಗಲ್ಲಿನಿಂದ ಗಾದಿಲಿಂಗ ಫೋನು ಮಾಡಿದ:
'ಅಕ್ಕಾ, ನನ್ನ ರಿಟರ್ನು ವಾಪಸ್ ಬಂದೈತಿ.
ನಿನ್ನ ಹೆಸರು ಆಗಲೇ ಬ್ಯಾರೆಯವರು ಬರಕೊಂಡಾರಂತ.'
ಕೈಯಲ್ಲಿನ ಕತ್ತರಿ ಬಾಯಿ ತೆರೆದೇ ನಿಂತಿತು.
ಮದುವೆಗೆಂದು ಒಬ್ಬರೂ ಕೇಳದ ಹೆಸರು ಅದು,
ಇಬ್ಬರು ಬರೆದುಕೊಳ್ಳುವಷ್ಟು ಯಾವಾಗ ಬೆಳೆಯಿತು?

ಬೇರೆಯವರು ಅಂದರೆ ಬೇರೆ ಯಾರು,
ಸಿರುಗುಪ್ಪದ ಡ್ರಾಯಿಂಗ್ ಮಾಸ್ತರ, ನಮ್ಮಣ್ಣ ಎರ್ರಿಸ್ವಾಮಿ.

ಬಳ್ಳಾರಿ, ಬೆಂಗಳೂರು ರೋಡು. ತೆರಿಗೆ ಸಲಹೆಗಾರ ವೆಂಕೋಬರಾಯರ ಆಫೀಸು
ಹತ್ತೊಂಬತ್ತು ಮೆಟ್ಟಿಲ ಮೇಲೆ.
ನನ್ನನ್ನು ಹೊತ್ತಿದ್ದೇವೆಂದು ಸರ್ಕಾರಕ್ಕೆ ಬರೆದುಕೊಟ್ಟ ಇಬ್ಬರೂ
ಆಗಲೇ ಮೇಲೆ ಹೋಗಿ ಕೂತಿದ್ದರು,
ಅವನು ಇಳಿದಾನೆಂದು ಇವನು, ಇವನು ಇಳಿದಾನೆಂದು ಅವನು.
ಕಡೆಗೆ ರಾಯರೇ ಫೈಲು ಬಗಲಿಗಿಟ್ಟು ಇಳಿದು ಬಂದರು:
'ಹತ್ತಬ್ಯಾಡ್ರಿ ತಾಯಿ, ಇಲ್ಲೇ ನೋಡೂಣು.'
ಜೆರಾಕ್ಸ್ ಅಂಗಡಿಯ ಸ್ಟೂಲಿನ ಮೇಲೆ
ನನ್ನ ವಿಚಾರಣೆ.

ಅಲ್ಲಿ ಗೊತ್ತಾಯಿತು:
ದೊಡ್ಡಾಸ್ಪತ್ರೆಯ ಡಾಕ್ಟರು ಟೇಪು ಹಿಡಿದು
ಐವತ್ತು ಪರ್ಸೆಂಟು ಎಂದು ಬರೆದ ಈ ಕಾಲಿಗೆ
ಆದಾಯದಲ್ಲಿ ಎಪ್ಪತ್ತೈದು ಸಾವಿರ ಕಳೆಯುತ್ತಾರೆ.
ರಸೀದಿ ಬೇಡ, ಸರ್ಟಿಫಿಕೇಟು ಸಾಕು.
ಉಳಿಯುವ ತೆರಿಗೆ ಹದಿನೈದು ಸಾವಿರದ ಆರುನೂರು.
ಮನಸ್ಸಿನಲ್ಲೇ ಭಾಗಿಸಿದೆ, ಬಿಡದ ಚಟ.
ಒಂದು ಜೀನ್ಸಿನ ದಾರ ಕತ್ತರಿಸಿದರೆ ಒಂದೂವರೆ ರೂಪಾಯಿ;
ಹತ್ತು ಸಾವಿರದ ನಾನೂರು ಪ್ಯಾಂಟು
ನಿದ್ದೆಯಲ್ಲೇ ಕತ್ತರಿಸಿದ್ದೆನಲ್ಲ!

'ಅಕ್ಕಿ ಯಾರು ತರ್ತಾರ್ರಿ?' ರೇಷನ್ನು, ಅಂದೆ.
'ಬಾಡಗಿ?' ನನ್ನ ಬೆರಳು ತೋರಿಸಿದೆ,
ತೊಳೆದರೂ ಹೋಗದ ನೀಲಿ.
ಎರ್ರಿಸ್ವಾಮಿ ಫ್ಯಾನು ಕೊಡಿಸಿದ್ದು ನೆನಪಿಸಿದ.
ಗಾದಿಲಿಂಗ ಮೊಣಕಾಲಿನ ಆಪರೇಷನ್ನು.
ಸುಳ್ಳಲ್ಲ. ಫ್ಯಾನು ಇವತ್ತಿಗೂ ತಿರುಗುತ್ತದೆ,
ಮಳೆ ಬಂದರೆ ಮೊಣಕಾಲು ಇವತ್ತಿಗೂ ನೋಯುತ್ತದೆ.

ಶಾಲೆಗೆ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು
ಗುಡ್ಡದ ಬುಡದ ಏರಿನಲ್ಲಿ ತಳ್ಳುತ್ತಿದ್ದವರು ಇವರೇ.
ಸೀಟಿಗೆ ಎಟುಕದ ತಮ್ಮ, ಏದುಸಿರಿನ ಅಣ್ಣ.
'ಇವತ್ತು ನಿಂದು ಪಾಳಿ' ಎಂದು ದಿನವೂ ಜಗಳ.
'ನಂದು' ಎಂದು ಜಗಳಾಡಿದ್ದು
ಇದೇ ಮೊದಲು.

'ಒಬ್ಬರು ಬಿಡಬೇಕ್ರಿ,' ಅಂದರು ರಾಯರು.
ಜೆರಾಕ್ಸಿನ ಹಸಿರು ಬೆಳಕು ಒಮ್ಮೆ ಹಾದು ಹೋಯಿತು
ಯಾರದೋ ಜಾತಿ ಪ್ರಮಾಣಪತ್ರದ ಮೇಲೆ.
ಇಬ್ಬರೂ ನನ್ನ ಕಡೆ ನೋಡಿದರು.
'ಅಣ್ಣ ಬಿಡ್ಲಿ,' ಅಂದೆ.
ಯಾಕೆಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ.

'ನಾನು ಇವರ ಅವಲಂಬಿತಳು' ಎಂಬ ಕಾಗದ.
ಸ್ಟ್ಯಾಂಪ್ ಪ್ಯಾಡು ಮುಂದೆ ಸರಿಸಿದ ಹುಡುಗನಿಗೆ
'ಸಹಿ ಬರ್ತೈತಿ ತಮ್ಮಾ' ಅಂದೆ.
ಹೊನ್ನೂರಮ್ಮ. 'ನ್ನೂ' ಬರೆಯುವಾಗ ಪೆನ್ನು ತಡವರಿಸಿತು,
ಪೆನ್ನಿನ ತಪ್ಪೇ ಇರಬೇಕು.

ಅಣ್ಣ ತಿದ್ದಿದ ರಿಟರ್ನು ಹಾಕಿ, ಬಡ್ಡಿ ಸಮೇತ ಕಟ್ಟಿದ.
ಮೂವರೂ ಒಗ್ಗರಣೆ ಮಿರ್ಚಿ ತಿಂದೆವು, ಮಾತಿಲ್ಲದೆ.
ಬಿಲ್ಲಿಗೆ ಮತ್ತೆ ಇಬ್ಬರ ಕೈಯೂ ಹೋಯಿತು,
ಮತ್ತೆ ಇಬ್ಬರ ಕೈಯೂ ನಿಂತಿತು.
ನಾನೇ ಕೊಟ್ಟೆ.

ತಿಂಗಳಾದ ಮೇಲೆ ಗಾದಿಲಿಂಗನ ಮೆಸೇಜು:
'ಅಕ್ಕಾ, ಪಾಸಾತು.' ಕೆಳಗೆ ಕೈ ಮುಗಿದ ಚಿತ್ರ.

ಅದರ ಮುಂದಿನ ಭಾನುವಾರ
ಯಾವ ಕಾಲಮ್ಮಿನಲ್ಲೂ ಇಲ್ಲದ ಎರ್ರಿಸ್ವಾಮಿ
ಎರಡು ಕಿಲೋ ಉಳ್ಳಾಗಡ್ಡಿ ಹಿಡಿದು ಬಂದ.
ಕೆಲಸ ಏನೂ ಇರಲಿಲ್ಲ ಅಂದ.
ಫ್ಯಾನಿನ ಕೆಳಗೆ, ಗಂಟಿನ ಈಚೆ ಬದಿ ಕೂತು
ನನ್ನ ಇನ್ನೊಂದು ಕತ್ತರಿ ತಗೊಂಡ.
ಚಿತ್ರ ಬರೆಯುವ ಕೈ, ದಾರಕ್ಕೆ ಹಗುರಿಲ್ಲ.
ಏಳನೇ ಪ್ಯಾಂಟಿನಲ್ಲಿ ಜೇಬಿನ ಬಟ್ಟೆಯನ್ನೇ ಕತ್ತರಿಸಿದ.
'ಎಷ್ಟು ಹಿಡೀತಾರ?' ಅಂದ, ತಲೆ ಎತ್ತದೆ.
ನಲವತ್ತು ಹಿಡಿಯುತ್ತಾರೆ.
ನಾಲ್ಕು ಅಂದೆ.